ಸ್ವಸಂತೋಷದಿಂದ ಬರೆದುಕೊಟ್ಟ ಪತ್ರ

ಕಾಶೀಬಾಯಿ ಹೊಸಮನಿಯನ್ನು ಯಾರಾದರೂ ನಗುನಗುತ್ತಾ ಮಾತಾಡಿಸಿದರೆ ಅವಳು ಮೊದಲು ಅವರ ಕಣ್ಣು ನೋಡುತ್ತಾಳೆ. ಕನ್ನಡದವರಾದರೆ ಇನ್ನೂ ಸರಿಯಾಗಿ ನೋಡುತ್ತಾಳೆ. ಇಂಗ್ಲಿಷರು ಚಳಿಯ ಸುದ್ದಿ ಆಡುತ್ತಾರೆ, ಹೋಗುತ್ತಾರೆ. ಕನ್ನಡದವರು ಊರು ಕೇಳುತ್ತಾರೆ. ಊರು ಹೇಳಿದರೆ ಯಾವ ಓಣಿ ಎನ್ನುತ್ತಾರೆ. ಓಣಿ ತಪ್ಪಿಸಿದರೆ ಮನೆದೇವರು ಯಾರು ಎನ್ನುತ್ತಾರೆ. ಅದನ್ನೂ ತಪ್ಪಿಸಿದರೆ, ‘ಮನೇಲಿ ನಾನ್‌ವೆಜ್ ಮಾಡ್ತೀರಾ?’ ಎಂದು ಬೆಲ್ಲದಂಥ ದನಿಯಲ್ಲಿ ವಿಚಾರಿಸುತ್ತಾರೆ. ಇಷ್ಟರಲ್ಲಿ ಎಲ್ಲಿಯೂ ಜಾತಿ ಎಂಬ ಮಾತೇ ಬರುವುದಿಲ್ಲ. ಅದೇ ಅವರ ಜಾಣತನ.

ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನ ಗುಡ್ಡದ ಮೇಲಿನ ನರ್ಸಿಂಗ್ ಹೋಮಿಗೆ ಅವಳು ಬಂದದ್ದು 2003ರ ಏಪ್ರಿಲ್‌ನಲ್ಲಿ. ಮೂವತ್ತೆಂಟು ಹಾಸಿಗೆ. ಹಾಸಿಗೆಗೊಬ್ಬರಂತೆ ತಾವಾಗಿ ಎದ್ದು ಕೂರಲಾರದ ಮುದುಕ ಮುದುಕಿಯರು. ಮಾಲೀಕರು ಡಾಕ್ಟರ್ ಅಚ್ಯುತ. ಮೈಸೂರಿನವರು, ಇಪ್ಪತ್ತೆರಡು ವರ್ಷದಿಂದ ಅದೇ ಊರಿನಲ್ಲಿ ಜಿಪಿ, ಎಂದರೆ ಸಾಮಾನ್ಯ ವೈದ್ಯರು. ಅವರ ಹೆಂಡತಿ ಶುಭಾ ಹೋಮಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದರು. ಕರ್ನಾಟಕದಿಂದ ಆರು ಜನ ನರ್ಸ್‌ಗಳನ್ನು ಅಡಾಪ್ಟೇಶನ್ನಿಗೆಂದು ಕರೆಸಿಕೊಂಡಿದ್ದರು. ಅಡಾಪ್ಟೇಶನ್ ಎಂದರೆ ಇಷ್ಟೇ. ಇಂಡಿಯಾದಲ್ಲಿ ಎಷ್ಟು ವರ್ಷ ನರ್ಸ್ ಆಗಿದ್ದರೂ ಇಲ್ಲಿ ಆರು ತಿಂಗಳು ಇನ್ನೊಬ್ಬರ ಕಣ್ಣ ಕೆಳಗೆ ದುಡಿಯಬೇಕು. ಕೊನೆಗೆ ಮಾಲೀಕ ಒಂದು ಫಾರ್ಮಿಗೆ ಸಹಿ ಹಾಕಬೇಕು. ಸಹಿ ಬಿದ್ದರೆ ಲಂಡನ್ನಿನ ನರ್ಸಿಂಗ್ ಕೌನ್ಸಿಲ್ ಪಿನ್ ನಂಬರ್ ಎಂಬ ನೋಂದಣಿ ಸಂಖ್ಯೆ ಕೊಡುತ್ತದೆ, ಆಮೇಲೆ ಈ ದೇಶದ ಯಾವ ಆಸ್ಪತ್ರೆಯಲ್ಲಾದರೂ ಕೆಲಸ ಮಾಡಬಹುದು. ಸಹಿ ಬೀಳದಿದ್ದರೆ ವೀಸಾ ಮುಗಿದ ದಿನ ವಿಮಾನ ಹತ್ತಬೇಕು. ಅಕ್ಟೋಬರಿನ ಆ ವಾರ ಕಾಶೀಬಾಯಿಯ ವೀಸಾ ಮುಗಿಯಲು ಇಪ್ಪತ್ತಾರು ದಿನ ಉಳಿದಿತ್ತು.

ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದವಳು ಇಲ್ಲಿ ಹೇಲು ಉಚ್ಚೆ ಬಾಚಿದಳು. ಬಾಚಲಿ, ಅದು ಕೆಲಸ. ಬೆಳಿಗ್ಗೆ ಏಳಕ್ಕೆ ಡ್ಯೂಟಿ. ಒದ್ದೆ ಪ್ಯಾಡ್ ಬಿಚ್ಚು. ತೊಡೆಸಂದಿ ತೊಳೆ. ಪೌಡರ್ ಹಾಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು, ಇಲ್ಲದಿದ್ದರೆ ಬೆನ್ನು ಕೊಳೆಯುತ್ತದೆ. ಹೊಯ್ಸ್ಟ್ ಎಂಬ ಎತ್ತುವ ಯಂತ್ರ ಇತ್ತು, ಅದು ವಾರದಲ್ಲಿ ಮೂರು ದಿನ ಕೆಟ್ಟಿರುತ್ತಿತ್ತು. ಆಗ ಸೊಂಟವೇ ಯಂತ್ರ. ತೊಂಬತ್ತೊಂದು ವರ್ಷದ ಒಬ್ಬ ಮುದುಕ, ಮೊದಲು ಉಣ್ಣೆಯ ಗಿರಣಿಯಲ್ಲಿ ಇದ್ದವನು, ಅವಳ ಕೈಯಿಂದಲ್ಲದೆ ಬೇರೆಯವರಿಂದ ಊಟ ತಿನ್ನುತ್ತಿರಲಿಲ್ಲ. ಮೇಟ್ರನ್ ಪಾಲಿನ್ ವಾರವಾರವೂ ಅವಳ ಕೆಲಸ ನೋಡಿ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದಳು. ಇಪ್ಪತ್ತೈದು ವಾರ, ಇಪ್ಪತ್ತೈದು ಸಹಿ. ಒಂದಕ್ಕೂ ಕೆಂಪು ಗೆರೆ ಇರಲಿಲ್ಲ.

ಅಡ್ಡಹೆಸರೇ ಅವಳನ್ನು ಅಷ್ಟು ದಿನ ಕಾಪಾಡಿದ್ದು. ಹೊಸಮನಿ. ಬಿಜಾಪುರದ ಕಡೆ ಆ ಹೆಸರು ಲಿಂಗಾಯತರಲ್ಲೂ ಇದೆ, ಕುರುಬರಲ್ಲೂ ಇದೆ, ಹೊಲೆಯರಲ್ಲೂ ಇದೆ. ‘ಹೊಸಮನಿ ಅಂದ್ರೆ ಲಿಂಗಾಯತರಲ್ವಾ?’ ಎಂದು ಶುಭಾ ಅವಳು ಬಂದ ಮೊದಲ ವಾರವೇ ಕೇಳಿದ್ದರು. ಕಾಶೀಬಾಯಿ ಹೂಂ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ‘ನಮ್ಮ ಕಡೆ ಭಾಳ ಮಂದಿ ಅದಾರ್ರೀ’ ಎಂದಳು. ಶುಭಾ ತಮಗೆ ಬೇಕಾದ ಉತ್ತರ ತಾವೇ ತೆಗೆದುಕೊಂಡರು. ಗಣಪತಿ ಹಬ್ಬಕ್ಕೆ ಮನೆಗೆ ಕರೆದರು. ಅರವತ್ತು ಹೋಳಿಗೆ ಕಾಶೀಬಾಯಿಯೇ ಲಟ್ಟಿಸಿದಳು. ‘ಈ ಹುಡುಗಿ ಕೈಯಲ್ಲಿ ಏನೋ ಇದೆ ಕಣ್ರೀ’ ಎಂದು ಶುಭಾ ಬಂದವರೆಲ್ಲರಿಗೂ ಹೇಳಿದರು. ಉಳಿದದ್ದನ್ನು ಫ್ರೀಜರಿನಲ್ಲಿಟ್ಟುಕೊಂಡರು.

ತಪ್ಪು ಆದದ್ದು ಅವಳ ಕೈಯಿಂದಲೇ. ನಮ್ಮವರಲ್ಲದೆ ಬೇರೆ ಯಾರೂ ಮಾಡದ ತಪ್ಪು. ಕೌನ್ಸಿಲ್ಲಿಗೆ ಕಳಿಸುವ ಕಡತ ಜೋಡಿಸುವಾಗ ಹತ್ತನೆಯ ತರಗತಿಯ ಅಂಕಪಟ್ಟಿ, ನರ್ಸಿಂಗ್ ಡಿಪ್ಲೊಮಾ, ಸೇವಾ ಪ್ರಮಾಣಪತ್ರ, ಇಷ್ಟರ ಹಿಂದೆ ಬಿಜಾಪುರ ಜಿಲ್ಲೆಯ ಇಂಡಿ ತಾಲೂಕಿನ ತಹಸೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರದ ಝೆರಾಕ್ಸನ್ನೂ ಸೇರಿಸಿ ಪಿನ್ ಹೊಡೆದಳು. ಯಾರೂ ಕೇಳಿರಲಿಲ್ಲ. ಆದರೆ ಎಂಟನೆಯ ವಯಸ್ಸಿನಿಂದ ಅವಳು ಕೊಟ್ಟ ಒಂದೇ ಒಂದು ಅರ್ಜಿಯೂ ಆ ಕಾಗದವಿಲ್ಲದೆ ಹೋಗಿರಲಿಲ್ಲ. ಹಾಸ್ಟೆಲಿಗೆ ಅದು, ಸ್ಕಾಲರ್‌ಶಿಪ್ಪಿಗೆ ಅದು, ನೌಕರಿಗೆ ಅದು. ಮೆದುಳು ಕೇಳುವ ಮೊದಲೇ ಕೈ ಅದನ್ನು ಕೆಳಗೆ ಇಟ್ಟಿತು.

ಪಾಲಿನ್ ಕಡತ ತಿರುವಿದಳು. ಮೂರು ಸಿಂಹದ ಮುದ್ರೆ, ದುಂಡು ಮೊಹರು, ಕನ್ನಡ ಅಕ್ಷರ. ಬಹಳ ದೊಡ್ಡ ಡಿಗ್ರಿ ಇರಬೇಕು ಎಂದುಕೊಂಡಳು ಪಾಪ. ಶುಭಾ ಹತ್ತಿರ ಒಯ್ದು, ಇದು ಯಾವ ಕೋರ್ಸು, ಇಂಗ್ಲಿಷಿನಲ್ಲಿ ಹೇಳಿ, ಪಟ್ಟಿಯಲ್ಲಿ ಬರೆದುಕೊಳ್ಳುತ್ತೇನೆ ಎಂದಳು.

ಅದು ಮಂಗಳವಾರ.

ಬುಧವಾರದಿಂದ ಗಾಳಿ ಬದಲಾಯಿತು. ಏನು ಎಂದು ಕಾಶೀಬಾಯಿಗೆ ತಿಳಿಯಲಿಲ್ಲ, ಆದರೆ ಮೂಗಿಗೆ ಬಡಿಯಿತು. ಇಂಥದ್ದನ್ನು ಮೂಸುವ ಮೂಗು ಅವಳದು. ನರ್ಸ್‌ಗಳು ಇದ್ದದ್ದು ಹೋಮಿನ ಪಕ್ಕದ ಕಲ್ಲುಮನೆಯಲ್ಲಿ, ಆರು ಜನಕ್ಕೆ ಒಂದೇ ಅಡುಗೆಮನೆ. ಒಲೆಯ ಪಕ್ಕದಲ್ಲಿ ಇರುತ್ತಿದ್ದ ವೇದಾಳ ಕುಕ್ಕರ್ ಪಕ್ಕದ ಹುಡುಗಿಯರ ಕೋಣೆಗೆ ಹೋಗಿತ್ತು. ವೇದಾ ಹಾಸನದ ಹುಡುಗಿ, ಕಾಶೀಬಾಯಿಯ ರೂಮ್‌ಮೇಟ್. ಬಂದಾಗಿನಿಂದ ‘ಅಕ್ಕಾ, ಅಕ್ಕಾ’ ಎಂದು ಹಿಂದೆ ಮುಂದೆ ಸುತ್ತುತ್ತಿದ್ದವಳು ಬೆಳಿಗ್ಗೆ, ‘ನಿಮ್ದು ಸ್ನಾನ ಆಯ್ತಾ?’ ಎಂದಳು. ನಿಮ್ದು. ಅಕ್ಕಾ ಎಂಬ ಮಾತೇ ಇರಲಿಲ್ಲ.

ಗುರುವಾರ ಯಾರೋ ಅವಳ ಲೋಟಕ್ಕೆ ಹಸಿರು ಟೇಪು ಸುತ್ತಿದ್ದರು. ತಟ್ಟೆಯ ತಳಕ್ಕೂ ಸುತ್ತಿದ್ದರು. ಶುಕ್ರವಾರ ಶುಭಾ ಹೋಮಿಗೆ ಬಂದವರು ಎಲ್ಲರಿಗೂ ಪೊಟ್ಟಣದಲ್ಲಿ ಚಕ್ಕುಲಿ ಕೊಟ್ಟು, ಅವಳ ಪೊಟ್ಟಣವನ್ನು ಮಾತ್ರ ಮೇಜಿನ ಮೇಲೆ ಇಟ್ಟರು. ಕೈಯಿಂದ ಕೈಗೆ ಕೊಡಲಿಲ್ಲ. ನಗು ಮಾತ್ರ ಹಾಗೇ ಇತ್ತು.

ಆ ಸಂಜೆ ಕಾಶೀಬಾಯಿ ವೇದಾಳನ್ನು ಕೋಣೆಯಲ್ಲಿ ಅಡ್ಡಗಟ್ಟಿದಳು.

‘ಏನಾಗೇದ ಹೇಳು.’

‘ಏನೂ ಇಲ್ಲ.’

‘ನನ್ನ ಲೋಟಕ್ಕೆ ಟೇಪ್ ಯಾರ್ ಹಾಕಿದ್ರು?’

ವೇದಾ ಅತ್ತಳು. ಅಳುತ್ತಲೇ ಎಲ್ಲ ಹೇಳಿದಳು. ಪಾಲಿನ್ ತಂದ ಕಾಗದ. ಶುಭಾ ಮೇಡಂ ಅದನ್ನು ಓದಿ ಕುರ್ಚಿಯಲ್ಲಿ ಕುಸಿದದ್ದು. ಫ್ರೀಜರಿನಲ್ಲಿದ್ದ ಹೋಳಿಗೆಯನ್ನು ಡಬ್ಬಿಯ ಸಮೇತ ಕಸದ ಚೀಲಕ್ಕೆ ಹಾಕಿದ್ದು. ‘ಮೇಡಂ ನಂಗೆ ಫೋನ್ ಮಾಡಿದ್ರು. ನಮ್ಮಮ್ಮಂಗೂ ಹೇಳ್ಬಿಟ್ಟಿದೀನಿ ನಾನು. ಅಮ್ಮ ಊಟ ಬಿಟ್ಟಿದಾರೆ. ನಂಗೇನೂ ಇಲ್ಲ, ನಿಜವಾಗ್ಲೂ. ಆದ್ರೆ ನೀವು ಮೊದ್ಲೇ ಹೇಳ್ಬೋದಿತ್ತು.’

‘ಏನಂತ ಹೇಳ್ಬೇಕಿತ್ತು?’

ವೇದಾ ಕಣ್ಣು ಒರೆಸಿಕೊಂಡಳು. ಆ ಮಾತು ಅವಳ ನಾಲಿಗೆಗೂ ಮೈಲಿಗೆ.

ಕಾಶೀಬಾಯಿ ತನ್ನ ಕೈ ನೋಡಿಕೊಂಡಳು. ಈ ಕೈ ಮೂವತ್ತೆಂಟು ಜನರ ಅಂಡು ತೊಳೆಯಬಹುದು. ಡಾಕ್ಟರ್ ಅಚ್ಯುತರ ಹೋಮಿನ ಹೆಸರು ಉಳಿಸಬಹುದು. ಹೋಳಿಗೆ ಲಟ್ಟಿಸಬಾರದು. ಯಾರ ಮುಖಕ್ಕೆ ಉಗಿಯಬೇಕೋ ತಿಳಿಯದೆ ಅವಳು ಲೋಟದ ಟೇಪನ್ನು ಉಗುರಿನಿಂದ ಕೆರೆದು ಕೆರೆದು ಕಿತ್ತಳು.

ಶನಿವಾರ ಅಚ್ಯುತರೇ ಫೋನ್ ಮಾಡಿದರು. ಭಾನುವಾರ ಮಧ್ಯಾಹ್ನ ಮನೆಗೆ ಬಾರಮ್ಮ, ಒಂದು ಸಣ್ಣ ವಿಷಯ, ಕೂತು ಮಾತಾಡೋಣ. ಫಾರ್ಮ್ ಕೂಡ ಅಲ್ಲೇ ಇದೆ, ಸಹಿ ಮಾಡಿ ಕೊಟ್ಟುಬಿಡ್ತೀನಿ. ಆ ಕೊನೆಯ ಮಾತು ಕೇಳಿ ಕಾಶೀಬಾಯಿಗೆ ಅನುಮಾನ ಗಟ್ಟಿಯಾಯಿತು. ಆರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಫಾರ್ಮು. ಕೇಳದೆಯೇ ಅದರ ಹೆಸರು ಎತ್ತಿದರೆಂದರೆ ಅದಕ್ಕೆ ಏನೋ ಕಟ್ಟಿದ್ದಾರೆ.

ಅಚ್ಯುತರ ಮನೆಯ ಹಿಂದೆ ತೋಟಕ್ಕೆ ತಾಗಿದಂತೆ ಗಾಜಿನ ಕೋಣೆ ಒಂದಿದೆ. ಕನ್ಸರ್ವೇಟರಿ ಎನ್ನುತ್ತಾರೆ. ಬೆತ್ತದ ಕುರ್ಚಿಗಳು, ನಡುವೆ ಗಾಜಿನ ಮೇಜು. ಊಟ ಮುಗಿಸಿದ ವಾಸನೆ ಇನ್ನೂ ಇತ್ತು. ಅವಳನ್ನು ಊಟಕ್ಕೆ ಕರೆದಿರಲಿಲ್ಲ. ಮೂರು ಗಂಟೆಗೆ ಕರೆದಿದ್ದರು.

ಒಳಗೆ ಐದು ಜನ ಇದ್ದರು. ಅಚ್ಯುತ, ಶುಭಾ. ಲೀಡ್ಸಿನಿಂದ ಬಂದ ತಿಮ್ಮಯ್ಯ, ಕನ್ನಡ ಸಂಘದ ಅಧ್ಯಕ್ಷರು, ಒಂದು ದೊಡ್ಡ ಕಂಪನಿಯಲ್ಲಿ ಎಂಜಿನಿಯರ್. ಮ್ಯಾಂಚೆಸ್ಟರಿನ ಅಭಯ್, ಮೂವತ್ತರ ಯುವಕ, ಫಾಲೋಫೀಲ್ಡಿನಲ್ಲಿ ರೂಮು ಮಾಡಿಕೊಂಡು ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ಮುನ್ನೂರು ವರ್ಷದ ಹಿಂದೆ ನಮ್ಮ ಹಳ್ಳಿಗಳಲ್ಲಿ ಜಾತಿ ಪಂಚಾಯ್ತಿಗಳು ನ್ಯಾಯ ಹೇಗೆ ತೀರಿಸುತ್ತಿದ್ದವು ಎಂಬುದು ಅವನ ವಿಷಯ. ಐದನೆಯವಳು ವೇದಾ. ಮೊನ್ನೆ ಅಳುತ್ತಾ ಎಲ್ಲ ಹೇಳಿದವಳೇ ಪಂಚರಲ್ಲಿ ಒಬ್ಬಳಾಗಿ ಕೂತಿದ್ದಳು, ತಲೆ ಬಗ್ಗಿಸಿಕೊಂಡು.

‘ಬಾಮ್ಮ, ಕೂತ್ಕೋ’ ಎಂದರು ಅಚ್ಯುತ. ಬೆತ್ತದ ಕುರ್ಚಿಗಳು ಐದೇ ಇದ್ದವು. ಅವಳಿಗೆಂದು ಬಾಗಿಲ ಹತ್ತಿರ ತೋಟದ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು.

‘ಇದು ಎನ್‌ಕ್ವೈರಿ ಅಲ್ಲ, ಹೆದರ್ಕೋಬೇಡ. ನಮ್ಮ ಹಳ್ಳಿಗಳಲ್ಲಿ ಹಿರಿಯರು ಕಟ್ಟೆ ಮೇಲೆ ಕೂತು ಬಗೆಹರಿಸ್ತಿದ್ರಲ್ಲ, ಹಾಗೆ. ಮನೆ ಮಾತು ಮನೇಲೇ ಮುಗೀಲಿ ಅಂತ.’

ಕಾಶೀಬಾಯಿಗೆ ಕಟ್ಟೆ ಗೊತ್ತು. ಅವಳ ಊರಿನ ಅಗಸಿಯ, ಎಂದರೆ ಊರಬಾಗಿಲ, ಕಟ್ಟೆ. ಅವಳಿಗೆ ಒಂಬತ್ತು ವರ್ಷ. ಅಪ್ಪ ಸೊಲ್ಲಾಪುರದಿಂದ ಹೊಸ ಚಪ್ಪಲಿ ತಂದಿದ್ದ, ಮೆಟ್ಟಿಕೊಂಡು ಅಗಸಿ ದಾಟಿದ್ದ. ಕಟ್ಟೆಯ ಮೇಲೆ ಕೂತವರು ಏಳು ಜನ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ‘ತಪ್ಪಾತು ಅನ್ನು, ಮುಗೀತದ’ ಎಂದರು. ಅಪ್ಪ ತಪ್ಪಾಯಿತು ಎಂದ. ಚಪ್ಪಲಿಯನ್ನು ತಲೆಯ ಮೇಲೆ ಹೊತ್ತುಕೊಂಡು ಊರ ತುಂಬ ನಡೆದ. ಹಿಂದೆ ನಾಯಿ, ಹುಡುಗರು. ಮನೆಗೆ ಬಂದು, ‘ಒಪ್ಕೊಂಡೆ, ಮುಗೀತು’ ಎಂದ. ಎಲ್ಲಿ ಮುಗಿಯಿತು? ಸಾಯುವವರೆಗೂ ಅವನು ತಲೆಗೆ ರುಮಾಲು ಕಟ್ಟಲಿಲ್ಲ.

‘ಜಾತಿ ಗೀತಿ ನಮಗಿಲ್ಲಮ್ಮ’ ಎಂದು ತಿಮ್ಮಯ್ಯ ಶುರು ಮಾಡಿದರು. ‘ಸಂಘದಲ್ಲಿ ಎಲ್ರೂ ಕನ್ನಡಿಗ್ರು, ಅಷ್ಟೇ. ಆದ್ರೆ ನೀನು ಮುಚ್ಚಿಟ್ಟಿದ್ದು ಸರಿಯಲ್ಲ. ಟ್ರಸ್ಟ್ ಅಂತ ಒಂದಿರುತ್ತೆ.’

‘ಏನು ಮುಚ್ಚಿಟ್ಟೆ ಸರ್?’ ಎಂದಳು ಕಾಶೀಬಾಯಿ. ಇವರ ಮುಂದೆ ಅವಳು ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದಳು.

ತಿಮ್ಮಯ್ಯ ಶುಭಾ ಮುಖ ನೋಡಿದರು. ಶುಭಾ ಅಚ್ಯುತರ ಮುಖ ನೋಡಿದರು.

‘ನಿನ್ನ ಬ್ಯಾಕ್‌ಗ್ರೌಂಡ್’ ಎಂದರು ಶುಭಾ. ‘ನಾನು ಕೇಳಿದಾಗ ಲಿಂಗಾಯತರು ಅಂದೆ.’

‘ನಾನು ಹಾಗೆ ಅನ್ನಲಿಲ್ಲ ಮೇಡಂ.’

‘ಅಲ್ಲ ಅಂತಲೂ ಅನ್ಲಿಲ್ವಲ್ಲ! ನಾನು ನಿನ್ನ ಕೈಲಿ ದೇವರ ನೈವೇದ್ಯಕ್ಕೆ ಮಾಡಿಸಿದೆ. ಮಗಳ ಥರ ನೋಡ್ಕೊಂಡೆ.’ ಶುಭಾ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಅದನ್ನು ನೋಡಿ ಕಾಶೀಬಾಯಿಗೆ ಇನ್ನಷ್ಟು ಹೇವರಿಕೆಯಾಯಿತು. ಮಗಳು ಮಾಡಿದ ಹೋಳಿಗೆಯನ್ನು ಯಾರೂ ಡಬ್ಬಿ ಸಮೇತ ಎಸೆಯುವುದಿಲ್ಲ.

ಅಚ್ಯುತ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ತೀರ್ಪು ಮೊದಲೇ ಆಗಿತ್ತು, ಊಟದ ಹೊತ್ತಿನಲ್ಲಿ. ಈಗ ಹೇಳಿದರು ಅಷ್ಟೇ. ಲಾಂಡ್ರಿಯ ಹಿಂದೆ ಒಂದು ಕೋಣೆ ಇದೆ. ಇಸ್ತ್ರಿ ಮೇಜು ತೆಗೆಸಿ ಮಂಚ ಹಾಕಿಸುತ್ತೇವೆ. ಅಲ್ಲೇ ಒಂದು ಮೈಕ್ರೋವೇವ್, ಒಂದು ಸಣ್ಣ ಫ್ರಿಜ್. ಉಳಿದ ಹುಡುಗಿಯರಿಗೆ ಅಡುಗೆಮನೆಯಲ್ಲಿ ಕಸಿವಿಸಿ, ಅದನ್ನೂ ನೋಡಬೇಕಲ್ಲ. ಸಂಘದ ಹಬ್ಬಕ್ಕೆ ಬಾ, ಖಂಡಿತ ಬಾ, ಆದರೆ ಬಡಿಸಲು ನಿಲ್ಲಬೇಡ. ಇಪ್ಪತ್ತಾರು ದಿನದ ಮಾತು. ಪಿನ್ ಬಂದರೆ ಎಲ್ಲಾದರೂ ಹೋಗಿ ಆರಾಮಾಗಿರು.

‘ಮತ್ತೆ ಒಂದು ಪತ್ರ ಬರ್ಕೊಡಬೇಕು. ನಿನ್ನ ಕೈಬರಹದಲ್ಲಿ. ನೀನೇ ಇಷ್ಟಪಟ್ಟು ಹೋದೆ ಅಂತ. ಮುಂದೆ ಯಾರೂ ಬೆರಳು ತೋರಿಸೋ ಹಾಗಾಗಬಾರದು.’

‘ಇದು ಅಭಯ್ ಐಡಿಯಾ’ ಎಂದು ತಿಮ್ಮಯ್ಯ ನಕ್ಕರು. ‘ಊಟಕ್ಕೆ ಕೂತಾಗ ಹೇಳ್ತಿದ್ರು, ಎಂಥಾ ವ್ಯವಸ್ಥೆ ಮಾರಾಯ್ರೆ ನಮ್ಮ ಹಿರಿಯರದ್ದು! ಹೇಳಿ ಅಭಯ್.’

ಅಭಯ್‌ಗೆ ಮುಜುಗರವೂ ಆಯಿತು, ಹುಮ್ಮಸ್ಸೂ ಬಂತು. ಅವನು ಕೆಟ್ಟವನಲ್ಲ. ಓದಿದ್ದನ್ನು ಹೇಳು ಎಂದರೆ ಎಲ್ಲಿದ್ದೇನೆ ಎಂಬುದನ್ನೇ ಮರೆಯುವ ಜಾತಿ. ಚೀಲದಿಂದ ಒಂದು ಝೆರಾಕ್ಸ್ ತೆಗೆದ. ‘ಇದು ನಿಮ್ಮ ಕಡೆಯದೇ, ಬಿಜಾಪುರದ ಕಡೆ ಒಂದು ಹಳ್ಳಿ. ಆ ಕಾಲದಲ್ಲಿ ಪಂಚರು ತೀರ್ಪು ಕೊಟ್ಟರೆ ಸಾಕಾಗ್ತಿರಲಿಲ್ಲ. ಸೋತವನೇ ನಾನು ಸೋತೆ ಅಂತ ಗೆದ್ದವನಿಗೆ ಬರೆದುಕೊಡಬೇಕಿತ್ತು. ಅವನು ಒಪ್ಪಿ ಬರೆದುಕೊಡದೆ ವ್ಯಾಜ್ಯ ಮುಗೀತು ಅನ್ನೋ ಹಾಗೇ ಇಲ್ಲ. ಕೇಳಿ.’

ಓದಿದ. ಹೊಲೆಯರ ಸಿದ್ದ್ಯಾ ಎಂಬವನು ಮಗನ ಮದುವೆಯಲ್ಲಿ ಮದುಮಗನನ್ನು ಎತ್ತಿನ ಮೇಲೆ ಕೂರಿಸಿ ಅಗಸಿಯ ಒಳಗೆ ಬಂದ. ಗೌಡರು, ಕುಲಕರ್ಣಿ, ಹನ್ನೆರಡು ಮಂದಿ ಆಯಗಾರರು ಚಾವಡಿಯಲ್ಲಿ ಕೂಡಿದರು. ಸಿದ್ದ್ಯಾ ಬಾಯಲ್ಲಿ ಹುಲ್ಲು ಕಚ್ಚಿ ಚಾವಡಿಯನ್ನು ಮೂರು ಸುತ್ತು ಬಂದ. ಮದುವೆಯ ಅನ್ನವನ್ನು ನಾಯಿಗೆ ಹಾಕಿಸಿದರು. ಕೊನೆಗೆ ಪತ್ರ: ‘ನಾನು ತಪ್ಪಿತಸ್ಥನು, ಇನ್ನು ಮುಂದೆ ನಾನಾಗಲಿ ನನ್ನ ಮಕ್ಕಳು ಮೊಮ್ಮಕ್ಕಳಾಗಲಿ ಇಂಥಾ ಕೆಲಸ ಮಾಡಲಾರೆವು ಎಂದು ಯಾರ ಬಲವಂತವೂ ಇಲ್ಲದೆ ಸ್ವಸಂತೋಷದಿಂದ ಬರೆದುಕೊಟ್ಟ ಪತ್ರ ಸಹಿ.’

‘ಸ್ವಸಂತೋಷದಿಂದ’ ಎಂದು ಅಭಯ್ ಒತ್ತಿ ಹೇಳಿದ. ‘ಕನ್ಸೆಂಟ್. ಸಮ್ಮತಿ ಇಲ್ಲದೆ ನ್ಯಾಯ ಇಲ್ಲ ಅನ್ನೋ ಕಲ್ಪನೆ.’

ಗಾಜಿನ ಕೋಣೆಯಲ್ಲಿ ಎಲ್ಲರೂ ತಲೆದೂಗಿದರು. ಶುಭಾ ಒಂದು ಬಿಳಿ ಹಾಳೆ, ಒಂದು ಪೆನ್ನು ತಂದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಕರಡು ಕೂಡ ಇಟ್ಟರು, ನೋಡಿಕೊಂಡು ಬರೆದರೆ ಸಾಕು. ಅದರ ಪಕ್ಕ ಅಚ್ಯುತರು ಕೌನ್ಸಿಲ್ಲಿನ ಫಾರ್ಮ್ ಇಟ್ಟರು. ಸಹಿಯ ಜಾಗ ಖಾಲಿ ಇತ್ತು.

ಕಾಶೀಬಾಯಿ ಕರಡನ್ನು ಓದಿದಳು. ‘ನನ್ನ ಹಿನ್ನೆಲೆಯನ್ನು ತಿಳಿಸದೆ ಸಹೋದ್ಯೋಗಿಗಳ ಮನಸ್ಸಿಗೆ ನೋವುಂಟು ಮಾಡಿರುವುದಕ್ಕೆ ಕ್ಷಮೆ ಕೋರುತ್ತಾ, ಲಾಂಡ್ರಿ ಹಿಂದಿನ ಕೋಣೆಯಲ್ಲಿ ಪ್ರತ್ಯೇಕವಾಗಿರಲು ಸ್ವಸಂತೋಷದಿಂದ ಒಪ್ಪಿರುತ್ತೇನೆ.’ ಕನ್ನಡದಲ್ಲಿತ್ತು. ಯಾಕೆ ಕನ್ನಡ? ಪಾಲಿನ್ ಓದಬಾರದು, ಹೋಮಿನ ತಪಾಸಣೆಗೆ ಇನ್‌ಸ್ಪೆಕ್ಟರ್ ಬಂದರೆ ಅವನಿಗೆ ತಿಳಿಯಬಾರದು. ಭಾಷಾಪ್ರೇಮ ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೆ ನೋಡಿ!

ಇಪ್ಪತ್ತಾರು ದಿನ. ಬರೆದುಬಿಡು ಎಂದಿತು ಒಳಗೆ ಒಂದು ದನಿ. ಅದು ಅಪ್ಪನ ದನಿ. ಒಪ್ಪಿಕೊಂಡರೆ ಮುಗಿಯುತ್ತದೆ. ಊರಿನಲ್ಲಿ ಅವ್ವ ಒಬ್ಬಳೇ, ತಮ್ಮನ ಮಕ್ಕಳು ಓದಬೇಕು. ಅವಳ ಕೈ ಪೆನ್ನಿನವರೆಗೂ ಹೋಯಿತು. ಪೆನ್ನು ತಣ್ಣಗಿತ್ತು.

‘ಒಂದು ಕೇಳ್ಲಾ ಅಭಯ್ ಸರ್?’ ಎಂದಳು.

‘ಕೇಳಿ, ಕೇಳಿ.’

‘ಆ ಸಿದ್ದ್ಯಾಗ ಬರೀಲಿಕ್ಕ ಬರ್ತಿತ್ತೇನ್ರಿ?’

ಅವಳ ಕನ್ನಡ ತಾನಾಗಿಯೇ ಇಂಡಿಗೆ ಹೋಗಿತ್ತು.

‘ಇಲ್ಲ... ಆ ಕಾಲದಲ್ಲಿ ಹೇಗೆ ಬರುತ್ತೆ? ಕುಲಕರ್ಣಿ ಬರೆದದ್ದು. ಇವನು ಕೆಳಗೆ ಒಂದು ಗುರುತು ಹಾಕಿದ್ದಾನೆ, ಹಗ್ಗದ ಚಿತ್ರ.’

‘ಹಂಗಾದ್ರ ಸ್ವಸಂತೋಷ ಅನ್ನೂದು ಯಾರ್ದು? ಸಿದ್ದ್ಯಾಂದೋ, ಕುಲಕರ್ಣೀದೋ?’

ಅಭಯ್ ಕೈಯಲ್ಲಿದ್ದ ಝೆರಾಕ್ಸನ್ನು ಈಗಷ್ಟೇ ಮೊದಲ ಸಲ ನೋಡುವವನಂತೆ ನೋಡಿದ.

‘ಬಾಯಾಗ ಹುಲ್ಲು ತುರುಕಿಸ್ಕೊಂಡಾವ ಸ್ವಸಂತೋಷ ಅಂತ ಹೆಂಗ ಹೇಳ್ತಾನ್ರಿ? ಮಾತಾಡಾಕ ಬಾಯಿ ಖಾಲಿ ಇರಬೇಕಲ್ಲ?’

‘ಕಾಶೀಬಾಯಿ, ವಿಷಯ ಎಲ್ಲೆಲ್ಲೋ ಒಯ್ಬೇಡ’ ಎಂದರು ಅಚ್ಯುತ. ದನಿಯಲ್ಲಿದ್ದ ಬೆಲ್ಲ ಮುಗಿದಿತ್ತು. ‘ನೇರವಾಗಿ ಹೇಳ್ತೀನಿ. ಕಮ್ಯುನಿಕೇಶನ್ ಸಾಲದು, ಟೀಮಲ್ಲಿ ಹೊಂದ್ಕೊಳ್ಳಲ್ಲ ಅಂತ ನಾನು ನಿನ್ನ ಅಡಾಪ್ಟೇಶನ್ ಮೂರು ತಿಂಗಳು ಎಕ್ಸ್‌ಟೆಂಡ್ ಮಾಡಬಹುದು. ನಿನ್ನ ವೀಸಾ ಇರೋದೆಷ್ಟು ದಿನ?’

‘ಇಪ್ಪತ್ತಾರು.’

‘ಯೋಚ್ನೆ ಮಾಡು.’

ಅವಳು ಯೋಚನೆ ಮಾಡಿದಳು. ಪ್ಲಾಸ್ಟಿಕ್ ಕುರ್ಚಿಯನ್ನು ಕಾಲಿನಿಂದ ತಳ್ಳಿಕೊಂಡು ಗಾಜಿನ ಮೇಜಿನ ಹತ್ತಿರ ಬಂದು ಕೂತಳು. ಶುಭಾ ತಮ್ಮ ಕುರ್ಚಿಯನ್ನು ಅಷ್ಟು ಹಿಂದೆ ಸರಿಸಿಕೊಂಡರು.

‘ಬರೀತೀನ್ರಿ’ ಎಂದಳು. ‘ನನಗ ಬರೀಲಿಕ್ಕ ಬರ್ತದ.’

ತಿಮ್ಮಯ್ಯ ನಿಟ್ಟುಸಿರು ಬಿಟ್ಟರು. ಶುಭಾ ಕಾಫಿ ಮಾಡಲು ಎದ್ದರು.

ಅವಳು ಬರೆಯತೊಡಗಿದಳು. ಕಾಫಿ ಬಂತು. ಐದು ಪಿಂಗಾಣಿ ಕಪ್ಪು, ವೇದಾಗೂ ಒಂದು. ಅವಳಿಗೆ ಕಾಗದದ ಲೋಟದಲ್ಲಿ. ಅದನ್ನೂ ಅವಳು ಬರೆದುಕೊಂಡಳು. ಇಂಗ್ಲಿಷಿನಲ್ಲಿ ಬರೆಯುತ್ತಿದ್ದಾಳೆ ಎಂಬುದನ್ನು ಮೊದಲು ಕಂಡವಳು ವೇದಾ. ಕಂಡು ಸುಮ್ಮನಿದ್ದಳು. ವಾರ್ಡಿನಲ್ಲಿ ಯಾರಾದರೂ ಬಿದ್ದರೆ, ಯಾರಿಗಾದರೂ ತಪ್ಪು ಮಾತ್ರೆ ಕೊಟ್ಟರೆ ನರ್ಸ್ ಬರೆಯುವ ವರದಿ ಇರುತ್ತದೆ. ಬಣ್ಣ ಹಚ್ಚುವ ಹಾಗಿಲ್ಲ, ಅಳುವ ಹಾಗಿಲ್ಲ. ಯಾರು ಇದ್ದರು, ಯಾರು ಏನು ಅಂದರು, ಏನು ಮಾಡಿದರು. ಹಾಗೇ ಬರೆದಳು, ಹಾಳೆಯ ಎರಡೂ ಬದಿ ತುಂಬಿತು.

‘ಓದ್ತೀನ್ರಿ’ ಎಂದಳು. ‘ತಪ್ಪಿದ್ರ ಹೇಳ್ರಿ, ತಿದ್ದತೀನಿ.’

ಓದಿದಳು. ಒಂದೊಂದು ಸಾಲಿಗೂ ನಿಂತು ಕನ್ನಡದಲ್ಲಿ ಕೇಳಿದಳು. ‘ಶ್ರೀಮತಿ ಶುಭಾ ನನ್ನ ಜಾತಿ ತಿಳಿದ ಮೇಲೆ ನಾನು ಮಾಡಿದ ತಿಂಡಿಯನ್ನು ಕಸಕ್ಕೆ ಹಾಕಿದರು. ಖರೇ ಹೌದೇನ್ರಿ ಮೇಡಂ?’

‘ಜಾತಿ ಅಂತ ನಾನೆಲ್ಲಿ ಅಂದೆ!’

‘ಹಾಕಿದ್ದು ಖರೇನೋ ಸುಳ್ಳೋ?’

‘ಅದು... ಹಳೇದಾಗಿತ್ತು.’

‘ಶ್ರೀ ತಿಮ್ಮಯ್ಯ ನಾನು ಮುಚ್ಚಿಟ್ಟದ್ದು ತಪ್ಪು ಎಂದರು.’

‘ನಾನು ಜನರಲ್ ಆಗಿ ಹೇಳಿದ್ದಮ್ಮ. ನನ್ನ ಹೆಸರು ಯಾಕೆ ಅದರಲ್ಲಿ?’ ತಿಮ್ಮಯ್ಯ ಎದ್ದೇಬಿಟ್ಟರು. ಲೀಡ್ಸಿನಲ್ಲಿ ಇನ್ನೊಂದು ಕಾರ್ಯಕ್ರಮ ಇದೆ ಎಂದರು. ಕೋಟು ಹುಡುಕತೊಡಗಿದರು.

‘ಡಾಕ್ಟರ್ ಅಚ್ಯುತ ನಾನು ಲಾಂಡ್ರಿಯ ಹಿಂದೆ ಇರಲು ಒಪ್ಪದಿದ್ದರೆ ಸಹಿ ಹಾಕುವುದಿಲ್ಲ ಎಂದರು.’

ಅಚ್ಯುತ ಕಾಫಿ ಕಪ್ಪನ್ನು ಕೆಳಗಿಟ್ಟರು.

ಕಾಶೀಬಾಯಿ ಹಾಳೆಯನ್ನು ಮೇಜಿನ ನಡುವೆ ಇಟ್ಟಳು, ಪೆನ್ನನ್ನು ಅದರ ಮೇಲೆ ಇಟ್ಟಳು. ‘ನಾ ಸಹಿ ಮಾಡೀನಿ. ಇನ್ನ ನೀವು ಐದು ಮಂದಿ ಮಾಡ್ರಿ. ಪಂಚರು ಸಹಿ ಮಾಡಬೇಕಲ್ಲ? ನ್ಯಾಯ ಮಾಡ್ತೀವಿ ಅಂತ ಕರದೀರಿ. ಮಾಡಿದ ನ್ಯಾಯಕ್ಕ ಹೆಸರು ಹಾಕಾಕ ಎದಕ್ಕ ಅಂಜಿಕಿ?’

ಒಬ್ಬರೂ ಕೈ ಚಾಚಲಿಲ್ಲ. ವೇದಾ ತುಟಿ ಕಚ್ಚಿಕೊಂಡು ಪೆನ್ನನ್ನೇ ನೋಡುತ್ತಿದ್ದಳು. ಒಂದು ಕ್ಷಣ ಅವಳ ಬೆರಳು ಅಲ್ಲಾಡಿತು. ಕಾಶೀಬಾಯಿ ನೋಡಿದಳು, ನಂಬಲಿಲ್ಲ. ನಂಬದಿದ್ದುದೇ ಒಳ್ಳೆಯದಾಯಿತು. ಬೆರಳು ಸೆರಗಿನ ತುದಿ ಹಿಡಿದುಕೊಂಡಿತು.

ಅಭಯ್ ಕೆಮ್ಮಿದ. ‘ಇದರ ಒಂದು ಕಾಪಿ ನನಗೆ ಸಿಗಬಹುದಾ? ಹೆಸರೆಲ್ಲ ತೆಗೆದು... ನನ್ನ ಥೀಸಿಸ್‌ಗೆ ಬಹಳ...’

‘ಮದಲ ಸಹಿ ಮಾಡ್ರಿ.’

ಅವನು ತನ್ನ ಚೀಲದ ಜಿಪ್ಪು ಎಳೆದುಕೊಂಡ. ಮುನ್ನೂರು ವರ್ಷದ ಹಿಂದಿನ ಹೊಲೆಯನ ಗುರುತನ್ನು ಭೂತಗನ್ನಡಿ ಹಿಡಿದು ನೋಡುವವನು ಎದುರಿಗಿದ್ದವಳ ಕಣ್ಣು ತಪ್ಪಿಸಿ ತೋಟದ ಕಡೆ ನೋಡಿದ.

‘ಇದನ್ನ ಎಲ್ಲಿಗೆ ಕಳಿಸ್ತೀಯ?’ ಎಂದರು ಅಚ್ಯುತ. ಮೆಲ್ಲಗೆ.

‘ಪಾಲಿನ್‌ಗ ಒಂದು, ಕೌನ್ಸಿಲ್ಲಿಗೆ ಒಂದು. ನಿಮ್ಮ ಹೋಮಿಗೆ ಲೈಸೆನ್ಸ್ ಕೊಡೂ ಇನ್‌ಸ್ಪೆಕ್ಟರ್‌ಗ ಒಂದು.’

‘ಇಷ್ಟು ಮಾಡಿ ನಿನಗೇನು ಸಿಗುತ್ತೆ? ಯಾರಿಗೂ ಅರ್ಥ ಆಗಲ್ಲ ಇಲ್ಲಿ. ಜಾತಿ ಅಂದ್ರೆ ಏನು ಅಂತಲೇ ಗೊತ್ತಿಲ್ಲ ಇವರಿಗೆ.’

‘ಗೊತ್ತಿಲ್ಲ ಖರೇ. ಲಾಂಡ್ರಿ ಅಂದ್ರ ಗೊತ್ತದ.’

ಅಚ್ಯುತರ ಮುಖ ಕೆಂಪಾಯಿತು. ಕೌನ್ಸಿಲ್ಲಿನ ಫಾರ್ಮನ್ನು ತಮ್ಮ ಕಡೆ ಎಳೆದುಕೊಂಡರು, ಹರಿಯುವವರಂತೆ ಎರಡೂ ಕೈಯಲ್ಲಿ ಹಿಡಿದರು. ಕಾಶೀಬಾಯಿ ಕದಲಲಿಲ್ಲ. ಹರಿಯಲಿ ಎಂದುಕೊಂಡಳು. ನಿಜವಾಗಿಯೂ ಹಾಗೇ ಅನ್ನಿಸಿತು, ಅವಳಿಗೇ ಆಶ್ಚರ್ಯವಾಗುವ ಹಾಗೆ. ಇಂಡಿಗೆ ವಾಪಸು ಹೋಗಬಹುದು, ಹುಬ್ಬಳ್ಳಿಯಲ್ಲಿ ಮತ್ತೆ ನೈಟ್ ಡ್ಯೂಟಿ ಮಾಡಬಹುದು. ಲಾಂಡ್ರಿಯ ಹಿಂದೆ ಒಂದು ದಿನವೂ ಮಲಗಲಾರಳು.

‘ಸಹಿ ಮಾಡೂದು ಬಿಡೂದು ನಿಮ್ಮ ಕೈಯಾಗ ಅದ ಡಾಕ್ಟ್ರೇ’ ಎಂದಳು. ‘ಮಾಡಂಗಿಲ್ಲ ಅಂದ್ರ ಕೆಳಗ ಜಾಗ ಬಿಟ್ಟಾರ ನೋಡ್ರಿ. ಯಾಕ ಮಾಡಂಗಿಲ್ಲ ಅಂತ ಕಾರಣ ಬರೀಬೇಕು. ಬರೀರಿ. ಪಾಲಿನ್ ಇಪ್ಪತ್ತೈದು ಸಲ ಚೊಲೊ ಅಂತ ಬರದಾಳ. ನೀವು ಯಾಕ ಬ್ಯಾಡ ಅಂತೀರಿ ಅದನ್ನ ನಿಮ್ಮ ಕೈಯಾರೆ ಬರೀರಿ. ಸ್ವಸಂತೋಷದಿಂದ ಬರೀರಿ.’

ಪೆನ್ನನ್ನು ಅವರ ಮುಂದೆ ಇಟ್ಟಳು.

ದಿನಕ್ಕೆ ನಲವತ್ತು ಜನರಿಗೆ ಮದ್ದು ಬರೆಯುವ ಮನುಷ್ಯ ಆ ಪೆನ್ನು ಎತ್ತಿಕೊಳ್ಳಲು ಎಷ್ಟು ಹೊತ್ತು ತೆಗೆದುಕೊಂಡರು! ತಿಮ್ಮಯ್ಯ ಕೋಟು ಹಾಕಿಕೊಂಡು ಹೋದದ್ದು ಕೇಳಿಸಿತು. ಮುಂಬಾಗಿಲು ಮುಚ್ಚಿತು. ಕಾರು ಹೊರಟಿತು. ‘ಮಾಡಿ ಕಳಿಸ್ರೀ ಅತ್ಲಾಗೆ’ ಎಂದು ಶುಭಾ ಪಿಸುಗುಟ್ಟಿದರು, ‘ಇನ್‌ಸ್ಪೆಕ್ಟರ್ ಗಿನ್‌ಸ್ಪೆಕ್ಟರ್ ಬಂದ್ರೆ ಉಳಿದ ಹುಡುಗೀರ ಗತಿ ಏನು?’ ಹುಡುಗಿಯರ ಗತಿ. ಹೋಮಿನ ಗತಿ ಎನ್ನಲಿಲ್ಲ.

ಅಚ್ಯುತ ಸಹಿ ಹಾಕಿದರು. ಗೀಚಿದರು ಎನ್ನಬೇಕು. ಫಾರ್ಮನ್ನು ಮೇಜಿನ ಮೇಲೆ ಅವಳ ಕಡೆಗೆ ಎಸೆದರು.

‘ಅನ್ನ ಹಾಕಿದ ಕೈ ಕಚ್ಚೋಳು ನೀನು.’

‘ಅನ್ನ ದುಡದು ತಿಂದೀನ್ರಿ.’

‘ಆಯ್ತಲ್ಲ? ಹೊರಡು. ಆ ನಿನ್ನ ಕಾಗದ ಇಲ್ಲೇ ಬಿಟ್ಟು ಹೋಗು.’

ಅವಳು ತನ್ನ ಹಾಳೆಯನ್ನು ನಾಲ್ಕಾಗಿ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಸಹಿ ಸಿಕ್ಕಿತೆಂದು ಅದು ಸುಳ್ಳಾಗುವುದಿಲ್ಲವಲ್ಲ. ನಾಳೆ ಏಳು ಗಂಟೆಗೆ ಪಾಲಿನ್ ಬರುತ್ತಾಳೆ. ಆಮೇಲೆ ಫಾರ್ಮನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ತಲೆಯಿಂದ ಕೆಳಗಿನವರೆಗೆ ಓದಿದಳು. ಮತ್ತೊಮ್ಮೆ ಓದಿದಳು. ಐದು ಜನ ಕೂಡಿ ತೀರ್ಪು ಕೊಟ್ಟ ಮನೆಯಲ್ಲಿ ನಾಲ್ವರೇ ಉಳಿದಿದ್ದರು, ನಾಲ್ವರೂ ಅವಳು ಯಾವಾಗ ತೊಲಗುತ್ತಾಳೋ ಎಂದು ಕಾಯುತ್ತಿದ್ದರು.

ಅವಳು ಫಾರ್ಮನ್ನು ಮತ್ತೆ ಅಚ್ಯುತರ ಮುಂದೆ ಇಟ್ಟಳು. ಸಹಿಯ ಪಕ್ಕದ ಖಾಲಿ ಚೌಕದ ಮೇಲೆ ಬೆರಳು ಒತ್ತಿ ಹಿಡಿದಳು.

‘ತಾರೀಖು ಹಾಕಿಲ್ರಿ.’